ಹುಟ್ಟುಗುಣ ಸುಟ್ಟರೂ ಹೋಗದೆ?

1891ರಲ್ಲಿ ಇಂಗ್ಲೆಂಡಿನ ವೈದ್ಯ ಲೂಯಿ ರಾಬಿನ್ಸನ್ ಒಂದು ವಿಚಿತ್ರ ಪರೀಕ್ಷೆಯ ವರದಿ ಪ್ರಕಟಿಸಿದರು. ಆಗತಾನೇ ಹುಟ್ಟಿದ ಕೂಸುಗಳ ಅಂಗೈಗೆ ಅವರು ತೆಳುವಾದ ಕೋಲೊಂದನ್ನು ಕೊಟ್ಟು ಮೆಲ್ಲಗೆ ಮೇಲೆತ್ತುತ್ತಿದ್ದರು. ಕೂಸು ಕೋಲಿಗೆ ಜೋತುಬಿದ್ದು ತನ್ನ ಮೈಭಾರವನ್ನೆಲ್ಲ ತಾನೇ ಹೊರುತ್ತಿತ್ತು. ಅರವತ್ತಕ್ಕೂ ಹೆಚ್ಚು ಕೂಸುಗಳಲ್ಲಿ ಎರಡನ್ನು ಬಿಟ್ಟರೆ ಉಳಿದವೆಲ್ಲ ಕನಿಷ್ಠ ಹತ್ತು ಸೆಕೆಂಡು ಹಿಡಿತ ಬಿಡಲಿಲ್ಲ. ಮೂರು ವಾರದ ಒಂದು ಮಗು ಎರಡು ನಿಮಿಷ 35 ಸೆಕೆಂಡು ಹಾಗೆಯೇ ತೂಗಾಡಿತು. ಇಂಥ ಪರೀಕ್ಷೆಗೆ ಇಂದು ಯಾವ ಆಸ್ಪತ್ರೆಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಆ ಹಿಡಿತ ಈಗಲೂ ಪ್ರತಿ ಮನೆಯಲ್ಲೂ ಇದೆ. ಮಲಗಿದ ಕೂಸಿನ ಅಂಗೈಗೆ ಬೆರಳು ತಾಗಿಸಿದರೆ ಸಾಕು, ಐದೂ ಬೆರಳು ಮಡಚಿಕೊಳ್ಳುತ್ತವೆ, ಬಿಡಿಸಿಕೊಳ್ಳುವುದೇ ಕಷ್ಟವಾಗುತ್ತದೆ.

ಕಾಲು ಚಾಚಿ ಕುಳಿತ ಅಜ್ಜಿ ಮೊಣಕಾಲ ಮೇಲೆ ಮೊಮ್ಮಗುವನ್ನು ಮಲಗಿಸಿ ಎಣ್ಣೆ ತಿಕ್ಕಿ ನೀರು ಹೊಯ್ಯುವುದನ್ನು ಕಂಡವರಿಗೆ ಇನ್ನೊಂದು ಸಂಗತಿಯೂ ಗೊತ್ತಿರುತ್ತದೆ. ತಲೆ ತುಸು ಹಿಂದಕ್ಕೆ ಜಾರಿದರೆ ಕೂಸು ಬೆಚ್ಚುತ್ತದೆ. ಎರಡೂ ತೋಳು ಅಗಲವಾಗಿ ಬಿಚ್ಚಿಕೊಂಡು, ಮರುಕ್ಷಣವೇ ಏನನ್ನೋ ತಬ್ಬುವಂತೆ ಎದೆಯ ಕಡೆಗೆ ಬರುತ್ತವೆ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಮಕ್ಕಳ ವೈದ್ಯ ಅರ್ನ್ಸ್ಟ್ ಮೋರೊ 1918ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಅವರ ಹೆಸರಿನಿಂದಲೇ ಕರೆಯುವ ಈ ಪ್ರತಿಕ್ರಿಯೆಯನ್ನು ನವಜಾತ ಶಿಶುವಿನ ನರಮಂಡಲ ಸರಿಯಿದೆಯೇ ಎಂದು ತಿಳಿಯಲು ವೈದ್ಯರು ಈಗಲೂ ನೋಡುತ್ತಾರೆ. ತಾಯಿಯ ಮೈಮೇಲಿನ ರೋಮ ಹಿಡಿದು ಅಂಟಿಕೊಂಡೇ ಬದುಕಬೇಕಿದ್ದ ಪೂರ್ವಜರ ಮರಿಗೆ ಜಾರುವುದೆಂದರೆ ಸಾವು. ಹಿಡಿಯಲು ತಾಯಿಯ ಮೈಯಲ್ಲಿ ರೋಮವಿಲ್ಲದಿದ್ದರೂ ಮನುಷ್ಯನ ಕೂಸು ಆ ಹಿಡಿತವನ್ನು ಬಿಟ್ಟಿಲ್ಲ. ಕೆಲವು ತಿಂಗಳಾದ ಮೇಲೆ ಹಿಡಿತ, ಬೆಚ್ಚುವಿಕೆ ಎರಡೂ ತಾವಾಗಿ ಮಾಯವಾಗುತ್ತವೆ.

ದೊಡ್ಡವರ ಮೈಯಲ್ಲೂ ಇಂಥ ಹಳೆಯ ಉಳಿಕೆಗಳಿವೆ. ಹೆದರಿಕೆಯಾದಾಗ ಮುಂಗೈ ರೋಮ ನೆಟ್ಟಗೆ ನಿಲ್ಲುತ್ತದೆ. ನಾಯಿಯೆದುರು ಮೈಯುಬ್ಬಿಸಿ ನಿಂತ ಬೆಕ್ಕಿನಲ್ಲಿ ಕೆಲಸ ಮಾಡುವುದೂ ಕೂದಲ ಬುಡದ ಅದೇ ಪುಟ್ಟ ಸ್ನಾಯು. ಬೆಕ್ಕು ದೊಡ್ಡದಾಗಿ ಕಾಣುತ್ತದೆ. ಮನುಷ್ಯನಿಗೆ ರೋಮವೇ ಕಡಿಮೆಯಾದ್ದರಿಂದ ಚರ್ಮದ ಮೇಲೆ ಬರಿಯ ಗುಳ್ಳೆ ಏಳುತ್ತವೆ. ಕಿವಿಯ ಸುತ್ತಲಿನ ಸ್ನಾಯುಗಳೂ ಹಾಗೆಯೇ. ಜರ್ಮನಿಯ ಸಾರ್‌ಲ್ಯಾಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದಂತೆ, ಬೆನ್ನ ಹಿಂದಿನಿಂದ ಸದ್ದು ಬಂದಾಗ ಆ ಕಡೆಯ ಕಿವಿಯ ಸ್ನಾಯುಗಳಲ್ಲಿ ವಿದ್ಯುತ್ ಚಟುವಟಿಕೆ ಹೆಚ್ಚುತ್ತದೆ. ಹಸು ಕಿವಿ ತಿರುಗಿಸುವಂತೆ ಮನುಷ್ಯನ ಮೈಯೂ ತಿರುಗಿಸಲು ಹವಣಿಸುತ್ತದೆ, ಕಿವಿ ಮಾತ್ರ ಕಣ್ಣಿಗೆ ಕಾಣುವಷ್ಟು ಅಲ್ಲಾಡುವುದಿಲ್ಲ.

ಹೀಗೆ ಮೈ ಹಳೆಯ ಪ್ರಾಣಿಯದ್ದು ಎಂಬುದರಲ್ಲಿ ವಾದವಿಲ್ಲ. ವಾದ ಹುಟ್ಟುವುದು ಮುಂದಿನ ಮಾತಿನಲ್ಲಿ. ಹೆಂಡತಿಯ ಮೇಲೆ ಕೈಯೆತ್ತಿದವನು, ರಸ್ತೆಯಲ್ಲಿ ಗಾಡಿ ತಾಗಿತೆಂದು ಇನ್ನೊಬ್ಬನ ತಲೆ ಒಡೆದವನು, ಗುಂಪಿನಲ್ಲಿ ಸೇರಿ ಕಲ್ಲೆಸೆದವನು, ಎಲ್ಲರೂ ಕೊನೆಗೆ ಹೇಳುವುದು ಒಂದೇ: ಆ ಹೊತ್ತಿಗೆ ಏನೋ ಆವೇಶ ಬಂತು, ನನ್ನ ಕೈಲಿರಲಿಲ್ಲ. ಕೇಳಿದವರೂ ಗಂಡಸಿನ ರಕ್ತ, ಹುಟ್ಟುಗುಣ ಎಂದು ತಲೆದೂಗುತ್ತಾರೆ. ಈ ಸಮಾಧಾನವನ್ನು ಒಪ್ಪಿಕೊಳ್ಳುವ ಮೊದಲು ಪ್ರಾಣಿಗಳು ನಿಜವಾಗಿ ಏನು ಮಾಡುತ್ತವೆ, ಯಾವಾಗ ಮಾಡುತ್ತವೆ ಎಂದು ನೋಡಬೇಕು. ನೋಡಿದರೆ ಆ ನೆಪ ನಿಲ್ಲುವುದಿಲ್ಲ.

ಭಯದಿಂದಲೇ ಶುರು ಮಾಡಬಹುದು. ಲಂಡನ್ನಿನ ಮೃಗಾಲಯದಲ್ಲಿ ಚಾರ್ಲ್ಸ್ ಡಾರ್ವಿನ್ ಆಫ್ರಿಕದ ಪಫ್ ಆಡರ್ ಎಂಬ ವಿಷದ ಹಾವಿನ ಗಾಜಿನ ಗೂಡಿಗೆ ಮುಖ ಒತ್ತಿ ನಿಂತರು. ಹಾವು ಎರಗಿದರೂ ಹಿಂದೆ ಸರಿಯಬಾರದೆಂದು ಗಟ್ಟಿ ಮನಸ್ಸು ಮಾಡಿದ್ದರು. ಗಾಜು ದಪ್ಪವಿತ್ತು, ಅಪಾಯ ಇರಲಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾವು ಎರಗಿತು. ಮರುಕ್ಷಣ ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿದ್ದರು. ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರಕಟಣೆಯ ಬಗ್ಗೆ 1872ರಲ್ಲಿ ಅವರು ಹೊರತಂದ ಪುಸ್ತಕದಲ್ಲಿ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬದುಕಿನಲ್ಲಿ ಒಮ್ಮೆಯೂ ಅನುಭವಿಸದ ಅಪಾಯದ ಎದುರು ಬುದ್ಧಿ, ಸಂಕಲ್ಪ ಎರಡೂ ಸೋತವು ಎಂಬುದು ಅವರ ಅಚ್ಚರಿ.

ಹಾಗಾದರೆ ಹಾವಿನ ಭಯ ಹುಟ್ಟಿನಿಂದಲೇ ಬರುತ್ತದೆಯೇ? 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಮಿನೆಕಾ ಮತ್ತು ಸಂಗಡಿಗರು ರೀಸಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳು ಇದಕ್ಕೆ ಬಹಳ ಸ್ಪಷ್ಟವಾದ ಉತ್ತರ ಕೊಟ್ಟವು. ಕಾಡಿನಲ್ಲಿ ಬೆಳೆದು ಬಂದ ಕೋತಿಗಳು ಹಾವಿನ ಪೆಟ್ಟಿಗೆಯ ಆಚೆಗಿಟ್ಟ ತಿನಿಸಿಗೆ ಕೈ ಚಾಚಲಿಲ್ಲ. ಪ್ರಯೋಗಾಲಯದಲ್ಲೇ ಹುಟ್ಟಿ ಬೆಳೆದ ಕೋತಿಗಳು ಹಾವಿದ್ದರೂ ಲೆಕ್ಕಿಸದೆ ಕೈ ಚಾಚಿ ತಿಂದವು. ಅಂದರೆ ಭಯ ಹುಟ್ಟಿನಿಂದ ಬಂದಿರಲಿಲ್ಲ. ಆದರೆ ಈ ನಿರ್ಭೀತ ಕೋತಿಗಳಿಗೆ, ಕಾಡಿನ ಕೋತಿ ಹಾವು ಕಂಡು ಗಾಬರಿಯಾಗುವುದನ್ನು ಕೆಲವು ನಿಮಿಷ ತೋರಿಸಿದರೆ ಸಾಕಾಗುತ್ತಿತ್ತು. ಭಯ ಅಂಟಿಕೊಂಡು ತಿಂಗಳುಗಟ್ಟಲೆ ಉಳಿಯುತ್ತಿತ್ತು. ಆಮೇಲೆ ಸಂಶೋಧಕರು ವಿಡಿಯೊ ಕತ್ತರಿಸಿ ಜೋಡಿಸಿ, ಅದೇ ಗಾಬರಿಯ ಕೋತಿ ಹೂವನ್ನು ಕಂಡು ಹೆದರಿದಂತೆ ತೋರಿಸಿದರು. ನೋಡಿದ ಕೋತಿಗಳು ಹೂವಿಗೆ ಹೆದರಲು ಕಲಿಯಲೇ ಇಲ್ಲ. ಆಟಿಕೆಯ ಹಾವಿಗೆ ಹೆದರಿದವು, ಆಟಿಕೆಯ ಮೊಲಕ್ಕೆ ಹೆದರಲಿಲ್ಲ.

ಇಡೀ ವಿಷಯದ ತಿರುಳು ಇಲ್ಲಿದೆ. ಹುಟ್ಟಿನಿಂದ ಬರುವುದು ಒಂದು ತಯಾರಿ. ಅದನ್ನು ಎಬ್ಬಿಸುವುದು ಸುತ್ತಲಿನವರು ಮತ್ತು ಸಂದರ್ಭ. ಮನುಷ್ಯರ ಮಕ್ಕಳಲ್ಲೂ ಇದೇ ಕಂಡಿದೆ: ಹೂವಿನ ಚಿತ್ರಗಳ ನಡುವೆ ಬಚ್ಚಿಟ್ಟ ಹಾವಿನ ಚಿತ್ರವನ್ನು ಮೂರರಿಂದ ಐದು ವರ್ಷದ ಮಕ್ಕಳು, ಹಾವುಗಳ ನಡುವಿನ ಹೂವಿಗಿಂತ ಬೇಗ ಹುಡುಕುತ್ತಾರೆ ಎಂದು ವನೆಸ್ಸಾ ಲೊಬ್ಯೂ ಮತ್ತು ಜೂಡಿ ಡಿಲೋಚೆ 2008ರಲ್ಲಿ ವರದಿ ಮಾಡಿದರು. ಕಣ್ಣು ಬೇಗ ಗುರುತಿಸುತ್ತದೆ. ಹೆದರಬೇಕೋ ಬೇಡವೋ ಎಂಬುದನ್ನು ಮನೆ ಕಲಿಸುತ್ತದೆ. 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಮಂದಿ ಹಾವು ಕಚ್ಚಿ ಸತ್ತರೆಂದು ಅಂದಾಜಿರುವ ಈ ದೇಶದಲ್ಲಿ ಆ ಕಣ್ಣು ಸುಳ್ಳು ಹೇಳುತ್ತಿಲ್ಲ. ಆದರೂ ಇದೇ ದೇಶದ ಹೊಲದ ಬದುವಿನಲ್ಲಿ ಹುತ್ತಕ್ಕೆ ಹಾಲೆರೆದು ಕೈಮುಗಿಯಲು ಕಲಿತ ಮಕ್ಕಳೂ ಬೆಳೆದಿದ್ದಾರೆ.

ಇನ್ನು ಸಿಟ್ಟು. 1890ರ ದಶಕದ ಕೊನೆಯಲ್ಲಿ ಹಾರ್ವರ್ಡಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ವಾಲ್ಟರ್ ಕ್ಯಾನನ್, ಆಗಷ್ಟೇ ಬಂದಿದ್ದ ಎಕ್ಸ್‌ರೇ ಬಳಸಿ ಬೆಕ್ಕಿನ ಜಠರದ ಚಲನೆ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಜಠರದ ಅಲೆಗಳು ನಿಂತುಹೋಗುತ್ತಿದ್ದವು. ಅದನ್ನು ಸವರಿ ಸಮಾಧಾನ ಮಾಡಿದರೆ ಮತ್ತೆ ಶುರುವಾಗುತ್ತಿದ್ದವು. ಈ ಎಳೆ ಹಿಡಿದು ಅವರು 1915ರಲ್ಲಿ ನೋವು, ಹಸಿವು, ಭಯ, ಕೋಪಗಳಲ್ಲಿ ಮೈಯೊಳಗೆ ಆಗುವ ಬದಲಾವಣೆಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಕಾದಾಡು ಇಲ್ಲವೇ ಓಡು ಎಂಬ ಸಿದ್ಧತೆಯ ಕಲ್ಪನೆ ಅಲ್ಲಿಂದ ಬಂತು. ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ರಕ್ತ ಹೊಟ್ಟೆಯನ್ನು ಬಿಟ್ಟು ತೋಳು ತೊಡೆಗಳಿಗೆ ನುಗ್ಗುತ್ತದೆ. ಬಾಸ್ ಬೈದಾಗಲೂ, ಹಿಂದಿನ ಬಸ್ಸು ಕರ್ಕಶವಾಗಿ ಹಾರ್ನ್ ಹೊಡೆದಾಗಲೂ ಮೈ ಇದೇ ತಯಾರಿ ನಡೆಸುತ್ತದೆ, ಎದುರಿಗೆ ಚಿರತೆ ನಿಂತಿದೆಯೇನೋ ಎಂಬಂತೆ.

ಆದರೆ ಸಿಟ್ಟು ಒಂದೇ ಬಗೆಯದ್ದಲ್ಲ. 1962ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಾಸ್‌ಮನ್ ಮತ್ತು ಫ್ಲಿನ್ ಬೆಕ್ಕಿನ ಮಿದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ನೋಡಿದರು. ಒಂದು ಜಾಗ ಮುಟ್ಟಿದರೆ ಬೆಕ್ಕು ಬುಸುಗುಟ್ಟಿ, ರೋಮ ಎಬ್ಬಿಸಿ, ಉಗುರು ಚಾಚಿ ಎರಗಿತು. ಅದೇ ಭಾಗದ ಇನ್ನೊಂದು ಬದಿಯನ್ನು ಮುಟ್ಟಿದರೆ ಸದ್ದಿಲ್ಲದೆ ಹೊಂಚಿ ಇಲಿಯ ಕತ್ತನ್ನೇ ಕಚ್ಚಿತು. ಆಗ ಕೋಪದ ಲಕ್ಷಣವೇ ಇರಲಿಲ್ಲ. ಬೆದರಿ ಎರಗುವುದು ಬೇರೆ, ಬೇಟೆಯಾಡುವುದು ಬೇರೆ. ಎರಡಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿಗಳಿವೆ.

ನ್ಯಾಯಾಲಯಗಳು ಈ ಭೇದವನ್ನು ಮಿದುಳು ಶಾಸ್ತ್ರಕ್ಕಿಂತ ಮೊದಲೇ ಕಂಡುಕೊಂಡಿದ್ದವು. ಗಂಭೀರವಾದ, ಹಠಾತ್ತನೆ ಎದುರಾದ ಉದ್ರೇಕದಿಂದ ಸ್ವನಿಯಂತ್ರಣ ಕಳೆದುಕೊಂಡು ಕೊಂದರೆ ಅದು ಕೊಲೆಯ ಪೂರ್ತಿ ಅಪರಾಧವಾಗದು ಎಂಬ ವಿನಾಯಿತಿ ಭಾರತದ ದಂಡಸಂಹಿತೆಯಲ್ಲಿ ಮೊದಲಿನಿಂದಲೂ ಇತ್ತು, ಹೊಸ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. 1959ರ ಏಪ್ರಿಲ್ 27ರಂದು ಮುಂಬಯಿಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ, ತನ್ನ ಹೆಂಡತಿಯ ಸ್ನೇಹ ಬೆಳೆಸಿದ್ದ ಪ್ರೇಮ್ ಆಹುಜಾ ಎಂಬುವರನ್ನು ಗುಂಡಿಕ್ಕಿ ಕೊಂದ ಪ್ರಕರಣದಲ್ಲಿ ಈ ವಿನಾಯಿತಿಯೇ ದೊಡ್ಡ ಪ್ರಶ್ನೆಯಾಯಿತು. ಹೆಂಡತಿ ತಪ್ಪೊಪ್ಪಿಕೊಂಡ ಮೇಲೆ ನಾನಾವತಿ ಆಕೆಯನ್ನೂ ಮಕ್ಕಳನ್ನೂ ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ಪಡೆದು, ಆಮೇಲೆ ಆಹುಜಾ ಮನೆಗೆ ಹೋಗಿದ್ದರು. ನಡುವೆ ಸುಮಾರು ಮೂರು ಗಂಟೆ ಕಳೆದಿತ್ತು. ಅಷ್ಟು ಹೊತ್ತು ಮನಸ್ಸು ತಣ್ಣಗಾಗಲು ಸಾಕಷ್ಟಾಯಿತು ಎಂದು 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತು ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ರಕ್ತಕ್ಕೆ ಸುರಿದ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಅದಾದ ಮೇಲೂ ಉಳಿಯುವ ಸಿಟ್ಟನ್ನು ಮನುಷ್ಯ ತಾನೇ ಮತ್ತೆ ಮತ್ತೆ ನೆನೆದು ಸಾಕಿಕೊಂಡಿರುತ್ತಾನೆ. ಮನೆಯೊಳಗೆ ಹೊಡೆಯುವವನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮೇಲಧಿಕಾರಿಯ ಎದುರು ಅದೇ ಸಿಟ್ಟು ನುಂಗಿಕೊಂಡು ನಿಲ್ಲಬಲ್ಲವನು, ಮನೆಯ ಬಾಗಿಲು ಹಾಕಿದ ಮೇಲೆ ಮಾತ್ರ ಕೈಯೆತ್ತುತ್ತಾನಾದರೆ, ಸಿಟ್ಟು ಅವನ ಹಿಡಿತದಲ್ಲೇ ಇತ್ತು.

ಈಗ ಧಾರವಾಡಕ್ಕೆ ಬರಬೇಕು. ಮನುಷ್ಯನ ಮೂಲಪ್ರವೃತ್ತಿಯ ಬಗ್ಗೆ ಜಗತ್ತಿನಾದ್ಯಂತ ನಡೆದ ಅತಿ ಬಿರುಸಿನ ಚರ್ಚೆಗಳಲ್ಲಿ ಒಂದು ಶುರುವಾದದ್ದು ಅಲ್ಲಿಯ ಕಾಡಂಚಿನಲ್ಲಿ, ಊರವರು ಮುಸ್ಯಾ ಎಂದು ಕರೆಯುವ ಕಪ್ಪು ಮೋರೆಯ, ಉದ್ದ ಬಾಲದ ಮುಸುವಗಳಿಂದ. ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ 1961ರಿಂದ 1963ರವರೆಗೆ ಧಾರವಾಡದ ಆಸುಪಾಸಿನ ಕಾಡು ಹೊಲಗಳಲ್ಲಿ ಮುಸುವಗಳ ಹಿಂದೆ ಅಲೆದರು. ಅದಕ್ಕೂ ಮುಂಚೆ ಅಮೆರಿಕದ ಫಿಲಿಸ್ ಜೇ ಉತ್ತರ ಹಾಗೂ ಮಧ್ಯ ಭಾರತದ ಮುಸುವಗಳನ್ನು ನೋಡಿ, ಇವು ಬಹಳ ಶಾಂತ ಪ್ರಾಣಿಗಳು ಎಂದು ಬರೆದಿದ್ದರು. ಧಾರವಾಡದಲ್ಲಿ ಹೆಚ್ಚಿನ ಗುಂಪುಗಳಿಗೆ ಒಂದೇ ದೊಡ್ಡ ಗಂಡು, ಅದರೊಡನೆ ಹಲವು ಹೆಣ್ಣುಗಳು, ಮರಿಗಳು. ಉಳಿದ ಗಂಡುಗಳು ಹೆಣ್ಣಿಲ್ಲದ ತಂಡ ಕಟ್ಟಿಕೊಂಡು ಕಾಡಿನಲ್ಲಿ ಸುತ್ತುತ್ತಿದ್ದವು.

1962ರಲ್ಲಿ ಇಂಥ ಏಳು ಗಂಡುಗಳ ತಂಡವೊಂದು ಸುಗಿಯಾಮಾ ಗಮನಿಸುತ್ತಿದ್ದ ಗುಂಪಿನ ಮೇಲೆ ಬಿತ್ತು. ಹಳೆಯ ಯಜಮಾನ ಓಡಿಹೋಯಿತು. ಗೆದ್ದ ಗಂಡುಗಳಲ್ಲಿ ಒಂದು ಉಳಿದವನ್ನೂ ಅಟ್ಟಿ ತಾನೊಂದೇ ಉಳಿಯಿತು. ಮುಂದಿನ ವಾರಗಳಲ್ಲಿ ಅದು ಹೆಣ್ಣುಗಳ ಎದೆಗೆ ಅಂಟಿದ್ದ ಮರಿಗಳನ್ನು ಒಂದೊಂದಾಗಿ ಕಚ್ಚಿತು. ಮರಿಗಳು ಸತ್ತವು. ಮರಿ ಕಳೆದುಕೊಂಡ ತಾಯಂದಿರು ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದವು. ಆಕಸ್ಮಿಕವೋ ಏನೋ ಎಂದು ಪರೀಕ್ಷಿಸಲು ಸುಗಿಯಾಮಾ ಇನ್ನೊಂದು ಗುಂಪಿನ ಗಂಡನ್ನು ಹಿಡಿದು ಬೇರೆಡೆ ಸಾಗಿಸಿದರು. ನೆರೆಯ ಗಂಡು ಬಂತು. ಅಲ್ಲೂ ಮರಿಗಳಿಗೆ ಅದೇ ಗತಿಯಾಯಿತು. 1965ರಲ್ಲಿ ಈ ವರದಿ ಪ್ರಕಟವಾದಾಗ ಹಲವರು ನಂಬಲಿಲ್ಲ. ಮನುಷ್ಯರು ಕಾಡು ಕಡಿದು ಒತ್ತಡ ಹೇರಿದ್ದರಿಂದ ಬುದ್ಧಿ ಕೆಟ್ಟ ಮಂಗಗಳು ಎಂಬ ವಿವರಣೆಯೇ ಹೆಚ್ಚು ಹಿತವೆನಿಸಿತು.

ಹಾರ್ವರ್ಡಿನ ಸಾರಾ ಹರ್ಡಿ 1971ರಲ್ಲಿ ರಾಜಸ್ಥಾನದ ಮೌಂಟ್ ಅಬುವಿಗೆ ಬಂದದ್ದು ಈ ವಿವರಣೆಯನ್ನು ಪರೀಕ್ಷಿಸಲೆಂದೇ. ಹಲವು ವರ್ಷಗಳ ಕೆಲಸದ ಬಳಿಕ ಅವರು ಬೇರೆಯದೇ ತೀರ್ಮಾನಕ್ಕೆ ಬಂದರು. ಹಾಲೂಡಿಸುವ ಮುಸುವ ಬೆದೆಗೆ ಬರುವುದಿಲ್ಲ. ಒಂದು ಗಂಡಿನ ಯಜಮಾನಿಕೆ ಅಬುವಿನಲ್ಲಿ ಸರಾಸರಿ ಎರಡು ವರ್ಷ ಚಿಲ್ಲರೆ ಮಾತ್ರ ಉಳಿಯುತ್ತಿತ್ತು. ಹಿಂದಿನವನ ಮರಿ ಹಾಲು ಬಿಡುವವರೆಗೆ ಕಾದರೆ ಈ ಗಂಡಿಗೆ ತನ್ನ ಸಂತಾನ ಕಾಣುವ ಕಾಲವೇ ಮುಗಿದುಹೋಗುತ್ತದೆ. ಕೊಲ್ಲುವ ಗಂಡು ಹುಚ್ಚು ಹಿಡಿದದ್ದಲ್ಲ, ಅದರ ವರ್ತನೆಗೆ ವಂಶದ ಲೆಕ್ಕ ಇದೆ ಎಂಬ ಅವರ ಮಾತು 1977ರ ಪುಸ್ತಕದಲ್ಲಿ ಹೊರಬಂದಾಗ ವಿರೋಧ ಭುಗಿಲೆದ್ದಿತು. ವಿರೋಧಿಸಿದವರಲ್ಲಿ ಫಿಲಿಸ್ ಜೇ ಕೂಡ ಇದ್ದರು. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ಪರೀಕ್ಷೆ ನಡೆಸಿದವರು, ಮರಿಯ ಮೇಲೆ ಎರಗಿದ ಗಂಡು ಆ ಮರಿಯ ತಂದೆಯಾಗಿರಲಿಲ್ಲ ಎಂದು ತೋರಿಸಿದ ಮೇಲೆ ಹರ್ಡಿಯ ವಾದ ಗಟ್ಟಿಯಾಯಿತು.

ಇಲ್ಲಿಗೆ ಕತೆ ನಿಲ್ಲಿಸುವವರು ಬಹಳ ಮಂದಿ. ಗಂಡೆಂದರೆ ಹೀಗೆ, ನಿಸರ್ಗವೆಂದರೆ ಹೀಗೆ ಎಂದು ಹೇಳಿ ಮುಗಿಸುತ್ತಾರೆ. ಆದರೆ ಹರ್ಡಿ ಅಬುವಿನಲ್ಲಿ ಕಂಡದ್ದು ಇಷ್ಟೇ ಅಲ್ಲ. ಗಂಡು ಮರಿಯ ಮೇಲೆ ಎರಗಿದಾಗ, ತಾವು ಹೆರುವ ವಯಸ್ಸು ದಾಟಿದ ಮುದಿ ಹೆಣ್ಣುಗಳು ತಮಗಿಂತ ಎಷ್ಟೋ ಬಲಶಾಲಿಯಾದ ಆ ಗಂಡಿನ ಮೇಲೆ ಬಿದ್ದು ಮರಿಯನ್ನು ಕಿತ್ತುಕೊಂಡವು. ಕಪ್ಪು ಮೈಯ ಹೊಸ ಮರಿಯನ್ನು ತಾಯಿ ಹುಟ್ಟಿದ ದಿನವೇ ಗುಂಪಿನ ಇತರ ಹೆಣ್ಣುಗಳ ಕೈಗೆ ಕೊಡುತ್ತಿತ್ತು. ಅದು ಕೈಯಿಂದ ಕೈಗೆ ದಾಟುತ್ತ ಗುಂಪೆಲ್ಲ ಸುತ್ತುತ್ತಿತ್ತು. ಹಲವು ಗಂಡುಗಳು ಒಟ್ಟಿಗೆ ಬಾಳುವ ಕೆಲವು ಕಡೆಯ ಮುಸುವ ಗುಂಪುಗಳಲ್ಲಿ ಇಂಥ ಮರಿಹತ್ಯೆ ಅಪರೂಪ. ಅದೇ ಜಾತಿ, ಅದೇ ನೆತ್ತರು. ಗುಂಪಿನ ರಚನೆ ಬದಲಾದರೆ ನಡವಳಿಕೆಯೂ ಬದಲಾಗುತ್ತದೆ.

ಮನುಷ್ಯರ ವಿಷಯದಲ್ಲಿ ಮುಸುವದ ಕತೆಯನ್ನು ನೇರವಾಗಿ ಅಂಟಿಸುವ ಯತ್ನವೂ ನಡೆಯಿತು. ಕೆನಡಾದ ಮಾರ್ಟಿನ್ ಡೇಲಿ ಮತ್ತು ಮಾರ್ಗೊ ವಿಲ್ಸನ್ 1988ರಲ್ಲಿ, ಮಲತಂದೆಯೊಡನೆ ಬದುಕುವ ಪುಟ್ಟ ಮಕ್ಕಳು ಕೊಲೆಗೀಡಾಗುವ ಅಪಾಯ ಹೆತ್ತ ತಂದೆಯ ಮನೆಯವರಿಗಿಂತ ಹಲವು ಪಟ್ಟು ಹೆಚ್ಚು ಎಂದು ಅಂಕಿ ಮುಂದಿಟ್ಟರು. ತಮ್ಮ ದೇಶದ ದಾಖಲೆಗಳಲ್ಲಿ ಅಂಥ ಅಂತರ ಕಾಣಲಿಲ್ಲ ಎಂದು ಸ್ವೀಡನ್ನಿನ ಸಂಶೋಧಕರು ವಾದಿಸಿದರು. ಆ ಜಗಳ ಏನೇ ಇರಲಿ, ಒಂದು ಮಾತು ನಿಶ್ಚಯ: ಮಲತಂದೆ, ಮಲತಾಯಿ, ದತ್ತು ಪಡೆದವರಲ್ಲಿ ಬಹುಪಾಲು ಮಂದಿ ಆ ಮಕ್ಕಳನ್ನು ಎದೆಗಪ್ಪಿ ಬೆಳೆಸುತ್ತಾರೆ. ಧಾರವಾಡದ ಆ ಗಂಡು ಮುಸುವ ಅದನ್ನು ಮಾಡಲಾರದು.

ಇನ್ನು ಮನುಷ್ಯರೇ ಲೆಕ್ಕ ಹಾಕಿ ಕೂಸನ್ನು ಹುಟ್ಟುವ ಮೊದಲೇ ಕೊಲ್ಲುವ ಉದಾಹರಣೆ ಬೇಕೆಂದರೆ, ಅದು ಇನ್ನೂ ಹತ್ತಿರದಲ್ಲಿದೆ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಹೆಣ್ಣುಭ್ರೂಣ ಹತ್ಯೆಯ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗಪತ್ತೆ ನಡೆಯುತ್ತಿತ್ತು. ಕಬ್ಬು ಅರೆಯುವ ಜಾಗದಲ್ಲಿ ಯಂತ್ರ, ಮಧ್ಯವರ್ತಿ, ದರ, ಗುಟ್ಟಿನ ಗಿರಾಕಿ. ಇದರಲ್ಲಿ ಆವೇಶವಿಲ್ಲ, ಅಡ್ರಿನಲಿನ್ ಇಲ್ಲ, ಹೊಂಚುವ ಬೆಕ್ಕಿನ ಹಸಿವೂ ಇಲ್ಲ. ತಾನು ಹುಟ್ಟಿಸಿದ ಮರಿ ಹೆಣ್ಣೆಂದು ಲೆಕ್ಕ ಹಾಕಿ ಕೊಲ್ಲುವ ಗಂಡು ಮುಸುವವನ್ನು ಯಾರೂ ಕಂಡಿಲ್ಲ. ವರದಕ್ಷಿಣೆ, ಆಸ್ತಿ, ವಂಶದ ಹೆಸರು ಇವೆಲ್ಲ ಮನುಷ್ಯರೇ ಕಟ್ಟಿದ ಏರ್ಪಾಡುಗಳು. ಇಂಥ ಕೃತ್ಯವನ್ನು ಪ್ರಾಣಿಗಳ ತಲೆಗೆ ಕಟ್ಟುವುದು ದೊಡ್ಡ ಅನ್ಯಾಯ.

ಗಂಡಿನ ಜಗಳಗಂಟತನವಾದರೂ ಬದಲಾಗದ್ದೇ? ಇದಕ್ಕೆ ಕೀನ್ಯಾದ ಮಸಾಯಿ ಮಾರಾದ ಕಡೆಯಿಂದ ಬಂದ ಸಾಕ್ಷ್ಯವೊಂದು ಮತ್ತೆ ಮತ್ತೆ ನೆನೆಯತಕ್ಕದ್ದು. ಸಂಶೋಧಕ ರಾಬರ್ಟ್ ಸಪೋಲ್ಸ್ಕಿ 1978ರಿಂದ ಅಲ್ಲಿ ಬಬೂನು ಎಂಬ ಮಂಗಗಳನ್ನು ನೋಡುತ್ತಿದ್ದರು. ಬಬೂನಿನ ಗಂಡುಗಳು ಕಚ್ಚಾಟಕ್ಕೆ ಹೆಸರಾದವು. ಮೇಲಿನದು ಕೆಳಗಿನದಕ್ಕೆ ಹೊಡೆಯುತ್ತದೆ, ಹೊಡೆತ ತಿಂದದ್ದು ಹತ್ತಿರದ ಹೆಣ್ಣಿನ ಮೇಲೆ ತೀರಿಸಿಕೊಳ್ಳುತ್ತದೆ. 1980ರ ದಶಕದಲ್ಲಿ ಪ್ರವಾಸಿಗರ ವಸತಿಗೃಹವೊಂದರ ತಿಪ್ಪೆ ನೆರೆಯ ಬಬೂನು ಗುಂಪಿನ ಪಾಲಾಗಿತ್ತು. ಸಪೋಲ್ಸ್ಕಿ ನೋಡುತ್ತಿದ್ದ ಗುಂಪಿನ ಅತಿ ಜಗಳಗಂಟ ಗಂಡುಗಳಷ್ಟೇ ಅಲ್ಲಿಗೆ ಬೆಳಗ್ಗೆ ಬೆಳಗ್ಗೆ ನುಗ್ಗಿ ಕಾದಾಡಿ ಉಣ್ಣುತ್ತಿದ್ದವು. ತಿಪ್ಪೆಗೆ ಎಸೆದ ಕ್ಷಯದ ಸೋಂಕಿನ ಮಾಂಸ ತಿಂದು ಅವು ಸತ್ತವು. ಗುಂಪಿನ ಗಂಡುಗಳು ಅರ್ಧದಷ್ಟಾದವು, ಉಳಿದದ್ದು ಸೌಮ್ಯ ಸ್ವಭಾವದವು ಮಾತ್ರ. ಅಲ್ಲಿಂದ ಮುಂದೆ ಗುಂಪಿನಲ್ಲಿ ಹೊಡೆದಾಟ ತಗ್ಗಿತು, ಒಂದರ ಮೈ ಇನ್ನೊಂದು ಹೆಕ್ಕುತ್ತ ಕೂರುವುದು ಹೆಚ್ಚಿತು.

ಇಲ್ಲಿಯವರೆಗೆ ಇದು ಬರಿಯ ಎಣಿಕೆಯ ವಿಷಯ: ಕೆಟ್ಟವು ಹೋದವು, ಒಳ್ಳೆಯವು ಉಳಿದವು. ವಿಶೇಷವಿರುವುದು ಆಮೇಲಿನ ಸಂಗತಿಯಲ್ಲಿ. ಬಬೂನಿನ ಗಂಡುಮರಿಗಳು ಪ್ರಾಯಕ್ಕೆ ಬಂದಾಗ ಹುಟ್ಟಿದ ಗುಂಪು ಬಿಟ್ಟು ಬೇರೆಡೆ ಸೇರುತ್ತವೆ. ಸುಮಾರು ಹತ್ತು ವರ್ಷಗಳಲ್ಲಿ ಆ ಗುಂಪಿನ ಹಳೆಯ ಗಂಡುಗಳು ಒಂದೂ ಉಳಿದಿರಲಿಲ್ಲ. ಈಗಿದ್ದವೆಲ್ಲ ಬೇರೆ ಒರಟು ಗುಂಪುಗಳಲ್ಲಿ ಹುಟ್ಟಿ ಬಂದವು. ಆದರೂ ಸೌಮ್ಯತೆ ಉಳಿದಿತ್ತು. ಅಲ್ಲಿಯೇ ಉಳಿದಿದ್ದ ಹೆಣ್ಣುಗಳು ಹೊಸಬರನ್ನು ಬೇಗ ಹತ್ತಿರ ಸೇರಿಸಿಕೊಳ್ಳುತ್ತಿದ್ದವು. ತಮ್ಮ ಮೇಲೆ ವಿನಾಕಾರಣ ಏಟು ಬೀಳದ ಜಾಗದಲ್ಲಿ ಅವು ಹೆದರದೆ ಹತ್ತಿರ ಬರಬಲ್ಲವಾಗಿದ್ದವು. ಹೊಸ ಗಂಡುಗಳು ಆ ನಡೆಗೆ ಒಗ್ಗಿಕೊಂಡವು. ಸಪೋಲ್ಸ್ಕಿ ಮತ್ತು ಲಿಸಾ ಶೇರ್ 2004ರಲ್ಲಿ ಇದನ್ನು ಪ್ರಕಟಿಸಿದಾಗ ಬಬೂನುಗಳಿಗೂ ಒಂದು ಸಂಪ್ರದಾಯ ಇರಬಲ್ಲದು ಎಂಬ ಮಾತು ಗಟ್ಟಿಯಾಯಿತು. ಓದುಬರಹವಿಲ್ಲದ, ಮಾತಿಲ್ಲದ ಗಂಡು ಬಬೂನು ಹೊಸ ಊರಿನ ರೀತಿ ಕಲಿಯಬಲ್ಲದು ಎಂದ ಮೇಲೆ, ಗಂಡಸಿನ ರಕ್ತವೇ ಹಾಗೆ ಎನ್ನುವವರ ಹತ್ತಿರ ಉಳಿಯುವ ಉತ್ತರ ಏನು?

ರಕ್ತದ ಮಾತೇ ಬಂದರೆ, ಅದೂ ಸ್ಥಿರವಲ್ಲ. ಫಿಲಿಪ್ಪೀನ್ಸಿನ ಸೆಬು ನಗರದಲ್ಲಿ ಲೀ ಗೆಟ್ಲರ್ ಮತ್ತು ಸಂಗಡಿಗರು 624 ಯುವಕರಲ್ಲಿ ಟೆಸ್ಟೊಸ್ಟಿರೋನ್ ಎಂಬ ಗಂಡುಹಾರ್ಮೋನಿನ ಮಟ್ಟವನ್ನು 2005ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ ಅಳೆದರು. ನಡುವಿನ ಅವಧಿಯಲ್ಲಿ ತಂದೆಯಾದವರಲ್ಲಿ ಬೆಳಗಿನ ಮಟ್ಟ ಸುಮಾರು 26 ಶೇಕಡ, ಸಂಜೆಯದ್ದು 34 ಶೇಕಡ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಮಗುವನ್ನು ಎತ್ತಿ ಆಡಿಸಿ, ಉಣಿಸಿ, ತೊಳೆದು ನೋಡಿಕೊಳ್ಳುತ್ತಿದ್ದ ತಂದೆಯರಲ್ಲಿ ಅದು, ಮಗುವಿನ ಕೆಲಸಕ್ಕೆ ಕೈಹಾಕದವರಿಗಿಂತ ಕಡಿಮೆ ಇತ್ತು. ಮಗು ತೋಳಿಗೆ ಬಂದರೆ ಗಂಡಸಿನ ಮೈಯೂ ಅದಕ್ಕೆ ಹದಗೊಳ್ಳುತ್ತದೆ. ತಾಯಿಯ ವಿಷಯವನ್ನು ಹೇಳಬೇಕಾದ್ದಿಲ್ಲ. ಕರು ಬಂದು ಮುಟ್ಟಿದೊಡನೆ ಹಸು ಸೊರೆ ಬಿಡುವಂತೆ, ಪಕ್ಕದ ಕೋಣೆಯಲ್ಲಿ ಕೂಸು ಅತ್ತದ್ದು ಕೇಳಿದರೆ ಬಾಣಂತಿಯ ಎದೆಯ ಹಾಲು ತಾನಾಗಿ ಜಿನುಗುತ್ತದೆ. ಇದೂ ಮೂಲಪ್ರವೃತ್ತಿಯೇ. ಆದರೆ ಮನುಷ್ಯನಲ್ಲಿ ಪ್ರಾಣಿ ಎದ್ದಿತು ಎಂದು ಯಾರೂ ಇದನ್ನು ನೋಡಿ ಹೇಳುವುದಿಲ್ಲ.

ಮುಸುವಗಳನ್ನು ಬಿಟ್ಟು ಮನುಷ್ಯರ ಕಡೆ ತಿರುಗಿದ ಸಾರಾ ಹರ್ಡಿ 2009ರ ತಮ್ಮ ಪುಸ್ತಕದಲ್ಲಿ ಇದನ್ನೇ ಮುಂದುವರಿಸಿದರು. ಚಿಂಪಾಂಜಿ ತಾಯಿ ಮೊದಲ ಕೆಲವು ತಿಂಗಳು ಮರಿಯನ್ನು ಬೇರೆಯವರಿಗೆ ಮುಟ್ಟಗೊಡುವುದಿಲ್ಲ. ಮನುಷ್ಯರ ತಾಯಿ ಹೆತ್ತ ದಿನವೇ ಕೂಸನ್ನು ಅಜ್ಜಿಯ ಕೈಗೆ, ಅತ್ತಿಗೆಯ ಕೈಗೆ ಕೊಡುತ್ತಾಳೆ. ನಿಧಾನವಾಗಿ ಬೆಳೆಯುವ, ಬಹಳ ಉಣಬೇಕಾದ ಮನುಷ್ಯರ ಮಗುವನ್ನು ಒಬ್ಬಳೇ ತಾಯಿ ಸಾಕಲಾರಳು. ಹಲವು ಕೈ ಸೇರಿ ಸಾಕಿದ್ದರಿಂದಲೇ ಈ ಜಾತಿ ಉಳಿಯಿತು ಎಂಬುದು ಅವರ ವಾದ. ತಾಂಜಾನಿಯಾದ ಹಾಡ್ಜಾ ಜನರಲ್ಲಿ ಹೊಸ ಕೂಸು ಬಂದಾಗ ದೊಡ್ಡ ಮಕ್ಕಳ ಹೊಟ್ಟೆ ತುಂಬಿಸುವುದು ಗೆಡ್ಡೆ ಅಗೆದು ತರುವ ಅಜ್ಜಿಯರು ಎಂದು ಕ್ರಿಸ್ಟನ್ ಹಾಕ್ಸ್ ತೋರಿಸಿದ್ದರು. ಈ ನಾಡಿನ ಬಾಣಂತನವನ್ನು ಕಂಡವರಿಗೆ ಈ ಮಾತು ಒಪ್ಪಿಸಲು ಅಂಕಿಗಳು ಬೇಕಾಗಿಲ್ಲ. ತವರಿನಲ್ಲಿ ಮೂರು ತಿಂಗಳೋ ಐದು ತಿಂಗಳೋ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರ ಕೈಯಲ್ಲಿ ಕೂಸು ಬೆಳೆಯುತ್ತದೆ.

ಆ ಕೈಗಳ ಸಾಲಿನಲ್ಲಿ ಹೆಚ್ಚು ಸಲ ಇಲ್ಲವಾಗಿರುವುದು ತಂದೆಯದ್ದು. ಬಾಣಂತಿ ತವರಿನಲ್ಲಿ, ಅವನು ಊರಿನಲ್ಲಿ ಕೆಲಸದ ಮೇಲೆ; ವಾರಕ್ಕೊಮ್ಮೆ ಬಂದು ಕೂಸಿನ ಮುಖ ನೋಡಿ ಹೋಗುತ್ತಾನೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ, ಅದರ ವ್ಯಾಪ್ತಿಗೆ ಬರುವ ಉದ್ಯೋಗಸ್ಥ ತಾಯಿಗೆ ಮೊದಲೆರಡು ಮಕ್ಕಳಿಗೆ 26 ವಾರದ ಸಂಬಳಸಹಿತ ರಜೆ ಸಿಕ್ಕಿದೆ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ಸಿಗುವುದು 15 ದಿನ. ಖಾಸಗಿ ಕಂಪನಿಯ ತಂದೆಗೆ ಕಾನೂನಿನಲ್ಲಿ ಹಕ್ಕಿನ ರಜೆಯೇ ಇಲ್ಲ; ಕಂಪನಿ ಮನಸ್ಸು ಮಾಡಿ ಕೊಟ್ಟರೆ ಉಂಟು. ಸೆಬುವಿನ ತಂದೆಯರಲ್ಲಿ ಟೆಸ್ಟೊಸ್ಟಿರೋನ್ ಇನ್ನೂ ಕಡಿಮೆ ಕಂಡದ್ದು ದಿನವೂ ಮಗುವನ್ನು ನೋಡಿಕೊಂಡವರಲ್ಲಿ. ಹುಟ್ಟುಗುಣದ ಬಗ್ಗೆ ಅಷ್ಟು ಮಾತಾಡುವ ಸಮಾಜ, ಗಂಡಸಿನಲ್ಲಿ ಹುಟ್ಟಿನಿಂದಲೇ ಇರುವ ಈ ಇನ್ನೊಂದು ಗುಣ ಏಳಲು ಮೂರು ಗಂಟೆಯ ಬಿಡುವನ್ನಾದರೂ ಕೊಡಬೇಕು. ಸದ್ಯಕ್ಕೆ ಹೆಚ್ಚಿನ ತಂದೆಯರಿಗೆ ಅದು ಸಿಗುತ್ತಿಲ್ಲ.